ಬಾಯಿ ತುಂಬ ನೀರು

ಫೆಬ್ರವರಿ ೧೮

ಪ್ರೀತಿಯ ಅಕ್ಕ,

ನಮಸ್ಕಾರ. ಕಾಗದ ತಡವಾಯಿತು. ಬೇಜಾರು ಮಾಡಿಕೊಳ್ಳಬೇಡ. ನಾವೆಲ್ಲ ಚೆನ್ನಾಗಿದ್ದೇವೆ. ನೀನೂ ಚೆನ್ನಾಗಿದ್ದೀಯ ಎಂದು ಅಮ್ಮ ಹೇಳಿದಳು. ಸಂತೋಷ.

ಇಲ್ಲಿ ಬಿಸಿಲು ಇದೆ. ಬೆಳಿಗ್ಗೆ ಸ್ವಲ್ಪ ಚಳಿ. ನಮ್ಮ ಬೀದಿಯ ಬೇಕರಿಗೆ ಹೊಸ ಬಣ್ಣ ಹೊಡೆದಿದ್ದಾರೆ. ಹಸಿರು ಬಣ್ಣ. ಚೆನ್ನಾಗಿದೆ. ಇವಳು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳು ಒಂದು ಗಿಡ ನೆಟ್ಟರು. ಗಿಡ ಬದುಕಿದೆ.

ನನ್ನ ಕೆಲಸ ನಡೆಯುತ್ತಿದೆ. ನೀನು ವಿಶ್ರಾಂತಿ ತೆಗೆದುಕೋ. ಹಣ್ಣು ತಿನ್ನು. ಯಾವುದಕ್ಕೂ ಚಿಂತೆ ಮಾಡಬೇಡ. ಎಲ್ಲ ಸರಿಹೋಗುತ್ತದೆ.

ನಿನ್ನ ತಮ್ಮ


ಮಾರ್ಚ್ ೫

ಪ್ರೀತಿಯ ಅಕ್ಕನಿಗೆ,

ನಿನ್ನ ಕಾರ್ಡು ಬಂದು ವಾರವಾಯಿತು. ಉತ್ತರ ಬರೆಯಲು ಕೂತು ಎರಡು ಹಾಳೆ ಹರಿದೆ, ಇದು ಮೂರನೆಯದು. ತಡವಾದದ್ದಕ್ಕೆ ಕ್ಷಮೆ ಕೇಳುವುದು ವಾಡಿಕೆ. ಕೇಳಿದ್ದೇನೆ ಎಂದುಕೋ.

ಕಾರ್ಡನ್ನು ಅಡುಗೆಮನೆಯ ಕಿಟಕಿಗೆ ಒರಗಿಸಿ ಇಟ್ಟಿದ್ದೇವೆ. ಲಕ್ವ ಹೊಡೆದ ಬಲಗೈ ಬಿಟ್ಟು ಎಡಗೈಯಲ್ಲಿ ಬರೆದ ನಿನ್ನ ಅಕ್ಷರಗಳು, ಬಸ್ಸು ತಿರುವು ತೆಗೆದುಕೊಳ್ಳುವಾಗ ನಿಂತಿರುವ ಪ್ರಯಾಣಿಕರ ಹಾಗೆ, ಎಲ್ಲವೂ ಒಂದೇ ಕಡೆಗೆ ವಾಲಿವೆ. ಆದರೆ ಯಾರೂ ಬಿದ್ದಿಲ್ಲ. ನೀನು ಬರೆದದ್ದನ್ನು ಇಲ್ಲಿ ಮತ್ತೆ ಬರೆಯುತ್ತೇನೆ, ಏಕೆಂದರೆ ಈ ವಾರವೆಲ್ಲ ಅದನ್ನೇ ಬಾಯಿಪಾಠ ಮಾಡಿದ್ದೇನೆ:

‘ಟಿಪ್ಪಣಿ, ಕಾಗದ ಬಂತು. ಗಿಡ ಬದುಕಿದ್ದು ಕೇಳಿ ಸಂತೋಷ. ನನಗೆ ಓದೋದು ನಿಧಾನ ಆಗಿದೆ, ಬುದ್ಧಿ ನಿಧಾನ ಆಗಿಲ್ಲ. ದೊಡ್ಡವರಿಗೆ ಬರೆಯೋ ಹಾಗೆ ಬರಿ. ಆಸ್ಪತ್ರೆಯಲ್ಲಿ ನನ್ನ ಕೋಣೆ ಹಾಗೇ ಇದೆಯಾ? ಕೇಳಿದವರೆಲ್ಲ ಬಿಸಿಲು ಮಳೆ ಅಂತಾರೆ.’

ಟಿಪ್ಪಣಿ ಎಂದು ನೀನು ಕರೆದು ಎಷ್ಟು ಕಾಲವಾಗಿತ್ತು. ಚಿಕ್ಕಂದಿನಲ್ಲಿ ಯಾರು ಏನು ಹೇಳಿದರೂ ನಾನು ಹಿಂದೆಯೇ ‘ಅಂದರೆ ಏನಪ್ಪಾ ಅಂದರೆ’ ಎಂದು ಬಾಲ ಹಚ್ಚುತ್ತಿದ್ದೆನಲ್ಲ, ಅದಕ್ಕೆ ಕಟ್ಟಿದ ಹೆಸರು. ಈಗ ಅದೇ ಬಾಲವೇ ನನಗೆ ಸಂಬಳ ತರುತ್ತಿದೆ.

ಇವಳು ಕಾರ್ಡು ಓದಿ ಬಿದ್ದು ಬಿದ್ದು ನಕ್ಕಳು. ಒಂದನೆಯ ಕ್ಲಾಸಿನ ಮೇಷ್ಟರಮ್ಮನಿಗೆ ಇಂಥದ್ದರಲ್ಲಿ ಕರುಣೆ ಇರುವುದಿಲ್ಲ. ನಿಮ್ಮ ಕಾಗದ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು, ಅಕ್ಕ ಸುಮ್ಮನೆ ಬಿಡುವವರಲ್ಲ ಅಂತ, ಎಂದಳು. ತನ್ನ ಮಕ್ಕಳಿಗೂ ತಾನು ಹಾಗೆ ಬರೆಯುವುದಿಲ್ಲವಂತೆ. ಗಿಡ ಬದುಕಿದೆ ಎಂದು ಬರೆದರೆ, ಮತ್ತೆ ಯಾವುದು ಸತ್ತಿತು ಟೀಚರ್ ಎಂದು ಕೇಳುತ್ತವಂತೆ.

ನಾನು ಯೋಚಿಸಿದ್ದು ಬೇರೆ. ಫೋನಿನಲ್ಲಿ ಮಾತು ಓಡಿಹೋಗುತ್ತದೆ, ಕಾಗದ ನನಗಾಗಿ ಕಾಯುತ್ತದೆ ಎಂದು ನೀನು ಆಸ್ಪತ್ರೆಯಿಂದ ಹೊರಟ ದಿನ ಹೇಳಿದ್ದೆ. ಅದಕ್ಕೇ ಕಾಗದ ಶುರು ಮಾಡಿದ್ದು. ನಿಧಾನವಾಗಿ ಓದುವವರಿಗೆ ಚಿಕ್ಕ ಚಿಕ್ಕದಾಗಿ ಬರೆಯಬೇಕು ಎಂದು ಡಾಕ್ಟರು ಹೇಳಿದ್ದೂ ಹೌದು. ನಾನು ವಾಕ್ಯವನ್ನು ಕತ್ತರಿಸುತ್ತಾ ಹೋದೆ. ಕತ್ತರಿ ಎಲ್ಲಿಯವರೆಗೆ ಹೋಯಿತು ಎಂದು ನೋಡಲಿಲ್ಲ. ಓದುವವರಿಗೆ ತಿಳಿಯುವ ಹಾಗೆ ಬರೆದು ಹಣ ತೆಗೆದುಕೊಳ್ಳುವ ಕಸುಬಿನವನು ನಾನು.

ಕಸುಬಿನ ಸುದ್ದಿ ಹೇಳುತ್ತೇನೆ. ನಿನ್ನ ಆಸ್ಪತ್ರೆಯ ವಿಷಯವೂ ಇದರಲ್ಲಿ ಬರುತ್ತದೆ.

ನಮ್ಮ ಕಾರ್ಖಾನೆಯ ಹೊಸ ಅರಿವಳಿಕೆ ಯಂತ್ರ ತಯಾರಾಗಿ ಕೂತಿದೆ. ಹೊರಡಬೇಕಾದರೆ ಕೈಪಿಡಿ ಮುಗಿಯಬೇಕು. ಎಲ್ಲ ಪುಟ ಮುಗಿದು ಒಂದೇ ಒಂದು ಪುಟ ಗಂಟಲಲ್ಲಿ ಸಿಕ್ಕಿದೆ. ರೋಗಿ ನಿದ್ದೆಯಲ್ಲಿದ್ದಾಗ ಗೋಡೆಯ ಕೊಳವೆಯಿಂದ ಬರುವ ಆಮ್ಲಜನಕ ನಿಂತುಹೋದರೆ ಏನು ಮಾಡಬೇಕು ಎಂಬ ಪುಟ. ನಿನಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಅದನ್ನು ನಿನ್ನಂಥ ಅರಿವಳಿಕೆ ವೈದ್ಯರಿಗೆ ಹೇಗೆ ಬರೆಯಬೇಕು ಎಂಬುದು ಮಾತ್ರ ನನಗೆ ಗೊತ್ತಾಗುತ್ತಿಲ್ಲ. ಇಷ್ಟು ದಿನ ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಪ್ರತಿ ಯಂತ್ರದ ಕೈಪಿಡಿಯನ್ನೂ ಮೊದಲು ಓದುವವಳು ನೀನೇ ಆಗಿದ್ದೆ. ನೀನು ಹುಬ್ಬು ಏರಿಸಿದ ಕಡೆ ನಾನು ತಿದ್ದುತ್ತಿದ್ದೆ. ಕಸುಬು ಎಂದುಕೊಂಡದ್ದು ನಿನ್ನ ಹುಬ್ಬಿನಲ್ಲಿತ್ತು.

ಮೊದಲ ಕರಡನ್ನು ನಾನೂ ನಿಘಂಟುವೂ ಸೇರಿ ಬರೆದೆವು. ನಿಘಂಟು ಎಂದರೆ ನನ್ನ ಪಕ್ಕದ ಮೇಜಿನವನು, ನಿನಗೆ ನೆನಪಿದೆ, ನೀರು ಬೇಕಾದರೂ ಜಲ ಎಂದು ಕೇಳುವವನು. ಅವನ ವಾದ ಏನೆಂದರೆ, ಓದುವವರು ದೊಡ್ಡ ದೊಡ್ಡ ಡಾಕ್ಟರುಗಳು. ಅವರ ಮುಂದೆ ಬನಿಯನ್ನಿನಲ್ಲಿ ಹೋಗಿ ನಿಲ್ಲಲಾಗುವುದಿಲ್ಲ, ಭಾಷೆಗೂ ಇಸ್ತ್ರಿ ಬೇಕು. ನನಗೂ ಸರಿ ಎನಿಸಿತು. ನಾವು ಬರೆದ ಮೊದಲ ವಾಕ್ಯ ಇದು: ‘ಕೇಂದ್ರೀಯ ಆಮ್ಲಜನಕ ಸರಬರಾಜಿನಲ್ಲಿ ಒತ್ತಡದ ನ್ಯೂನತೆ ಗೋಚರವಾದ ಸಂದರ್ಭದಲ್ಲಿ, ಭಿತ್ತಿಕೊಳವೆಯ ವಿಯೋಜನೆಗೆ ಪೂರ್ವಭಾವಿಯಾಗಿ, ಮೀಸಲು ಸಿಲಿಂಡರಿನ ಉದ್ಘಾಟನೆಯನ್ನು ನೆರವೇರಿಸತಕ್ಕದ್ದು.’

ಇವಳು ಓದಿ, ಸಿಲಿಂಡರಿಗೆ ರಿಬ್ಬನ್ ಕಟ್ಟಬೇಕೋ, ಕತ್ತರಿ ಯಾರು ತರುತ್ತಾರೆ ಎಂದು ಕೇಳಿದಳು. ನಾನು ಗಂಭೀರವಾಗಿ, ಇದು ತಜ್ಞರಿಗೆ ಬರೆದದ್ದು ಎಂದೆ.

ಆಮೇಲೆ ನೀರಿನ ಪರೀಕ್ಷೆ. ನಮ್ಮ ವಿಭಾಗದ ಈ ಪದ್ಧತಿಯನ್ನು ನೋಡಿ ನೀನು ಮೊದಲ ಸಲ ಎಷ್ಟು ನಕ್ಕಿದ್ದೆ. ಬರೆದವನು ಬಾಯಿ ತುಂಬ ನೀರು ತುಂಬಿಕೊಂಡು ಓದುವವರ ಹಿಂದೆ ನಿಲ್ಲಬೇಕು. ಓದುಗ ಎಡವಿದರೆ, ತಪ್ಪು ಗುಂಡಿ ಒತ್ತಿದರೆ, ಕಣ್ಣು ಬಿಟ್ಟು ನಿಂತರೆ, ‘ಅಂದರೆ ಏನಪ್ಪಾ ಅಂದರೆ’ ಎಂದು ಬಾಯಿ ಹಾಕುವ ಹಾಗಿಲ್ಲ. ನಾಳೆ ಯಂತ್ರದ ಜೊತೆ ಪುಟ ಹೋಗುತ್ತದೆ, ನೀನು ಹೋಗುವುದಿಲ್ಲ ಎಂದು ಹಳೆಯ ಮುಖ್ಯಸ್ಥರು ಹೇಳುತ್ತಿದ್ದರು. ನೀರು ನುಂಗಿದರೂ ಉಗುಳಿದರೂ ಪುಟ ಬಿದ್ದ ಲೆಕ್ಕ. ಹೊಸದಾಗಿ ಸೇರಿದವರು ಇದನ್ನು ತಮಾಷೆ ಎಂದುಕೊಳ್ಳುತ್ತಾರೆ. ಬಾಯಲ್ಲಿ ನೀರಿಟ್ಟುಕೊಂಡು ತಾವು ಬರೆದ ವಾಕ್ಯವನ್ನು ಇನ್ನೊಬ್ಬರು ಓದುವುದನ್ನು ಒಮ್ಮೆ ನೋಡಿದ ಮೇಲೆ ಹಾಗೆನ್ನುವುದಿಲ್ಲ.

ಪರೀಕ್ಷೆ ನಡೆಯುವುದು ನಿನ್ನ ಆಸ್ಪತ್ರೆಯ ಹಳೆಯ ಆಪರೇಷನ್ ಥಿಯೇಟರಿನಲ್ಲಿಯೇ. ಓದುಗರಾಗಿ ಬಂದವರು ಪಕ್ಕದ ಆಸ್ಪತ್ರೆಯ ಹಿರಿಯ ಅರಿವಳಿಕೆ ವೈದ್ಯರು, ನೀನು ಗುಡುಗು ಎಂದು ಹೆಸರಿಟ್ಟಿರುವವರು. ಮೇಜಿನ ಮೇಲೆ ರೋಗಿಯ ಬದಲು ರಬ್ಬರಿನ ಬೊಂಬೆ. ನಮ್ಮವನೊಬ್ಬ ಗೋಡೆಯ ಕೊಳವೆ ನಿಲ್ಲಿಸಿದ, ಯಂತ್ರ ಕಿರುಚತೊಡಗಿತು. ಗುಡುಗು ಪುಟ ಎತ್ತಿಕೊಂಡು ಸಭೆಯಲ್ಲಿ ಭಾಷಣ ಓದುವ ಧ್ವನಿಯಲ್ಲಿ ಶುರು ಮಾಡಿದರು. ನೆರವೇರಿಸತಕ್ಕದ್ದು ಎಂಬಲ್ಲಿಗೆ ಬರುವಷ್ಟರಲ್ಲಿ ಏನನ್ನು ನೆರವೇರಿಸಬೇಕು ಎಂಬುದು ಮರೆತುಹೋಗಿ ಮತ್ತೆ ಮೊದಲಿನಿಂದ ಬಂದರು. ನನ್ನ ಕೆನ್ನೆ ಉಬ್ಬಿಕೊಂಡು ಕಣ್ಣಲ್ಲಿ ನೀರು. ಎರಡನೆಯ ಸಲ ಮುಗಿಯುವಾಗ ಬೊಂಬೆಯ ಹಣೆಯ ಮೇಲಿನ ಕೆಂಪು ದೀಪ ಹತ್ತಿಕೊಂಡಿತು. ಗುಡುಗು ಪುಟವನ್ನು ಕೆಳಗಿಟ್ಟು, ಸಾವಕಾಶವಾಗಿ ಕನ್ನಡಕ ತೆಗೆದು, ನನ್ನ ಕಡೆ ತಿರುಗಿ ಹೇಳಿದರು:

‘ಬೊಂಬೆ ಸತ್ತೋಯ್ತು ಕಣಯ್ಯಾ. ಆದ್ರೆ ಭಾಷೆ ಮಾತ್ರ ಬಹಳ ಘನವಾಗಿದೆ.’

ನಾನು ನಗಬಾರದಾಗಿತ್ತು. ಬಾಯಲ್ಲಿದ್ದ ನೀರೆಲ್ಲ ಅವರ ಬಿಳಿ ಕೋಟಿನ ಮೇಲೆ.

ಎರಡನೆಯ ಕರಡಿನಲ್ಲಿ ಸೇಡು ತೀರಿಸಿಕೊಂಡೆ. ಇಷ್ಟೆಲ್ಲ ಆದದ್ದು ಕಷ್ಟದ ಭಾಷೆಯಿಂದ ತಾನೇ, ಈಗ ಸುಲಭ ಎಂದರೆ ಏನೆಂದು ತೋರಿಸುತ್ತೇನೆ ಎಂದು ಕೂತೆ. ‘ಆಮ್ಲಜನಕ ರೋಗಿಗೆ ಉಸಿರಾಡಲು ಬೇಕು. ಅದು ಗೋಡೆಯ ಕೊಳವೆಯಿಂದ ಬರುತ್ತದೆ. ಅದು ನಿಂತರೆ ಗಾಬರಿಯಾಗಬೇಡಿ.’ ಹೀಗೆ ಪುಟದ ತುಂಬ. ಈ ಸಲ ಗುಡುಗು ಪರೀಕ್ಷೆಗೂ ಬರಲಿಲ್ಲ. ಫೋನು ಮಾಡಿದರು. ತಾವು ಈ ಕೆಲಸಕ್ಕೆ ಸೇರಿದಾಗ ನಮ್ಮಪ್ಪನಿಗೆ ಮದುವೆಯಾಗಿತ್ತೋ ಇಲ್ಲವೋ ವಿಚಾರಿಸಿ ನೋಡು ಎಂದರು. ರೋಗಿಗೆ ಉಸಿರು ಬೇಕು ಎಂಬ ಸುದ್ದಿ ತಮ್ಮ ಕಿವಿಗೂ ಬಿದ್ದಿದೆ ಎಂದರು. ಹಿಂದಿನ ಪುಟವೇ ವಾಸಿ, ಅದರಲ್ಲಿ ಬೊಂಬೆ ಒಂದೇ ಸತ್ತಿತ್ತು, ಇದರಲ್ಲಿ ತಮ್ಮ ಮರ್ಯಾದೆಯೂ ಸತ್ತಿದೆ ಎಂದು ಫೋನಿಟ್ಟರು.

ಇದೆಲ್ಲ ಆದದ್ದು ಫೆಬ್ರವರಿ ಮೂರನೆಯ ವಾರದಲ್ಲಿ. ನಿನಗೆ ಬಿಸಿಲು, ಬೇಕರಿ, ಗಿಡ ಎಂದು ಬರೆದದ್ದೂ ಅದೇ ವಾರ. ಎರಡು ಕೆಲಸಕ್ಕೂ ಒಂದೇ ಪೆನ್ನು, ಒಂದೇ ಕೈ. ಆಗ ನನಗೆ ಅದು ಹೊಳೆಯಲಿಲ್ಲ.

ಮೂರನೆಯ ಕರಡಿಗೆ ತಿಂಗಳ ಕೊನೆಯವರೆಗೆ ಸಮಯವಿದೆ. ನೀನಿದ್ದಿದ್ದರೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ನೀನು ಇದ್ದೀಯ. ಹಾಗಾಗಿ ಕೇಳುತ್ತೇನೆ: ಈ ಪುಟವನ್ನು ಹೇಗೆ ಬರೆಯಲಿ?

ಕೋಣೆಯ ವಿಷಯ ಮುಂದೆ ಬರೆಯುತ್ತೇನೆ.

ಇವಳು ನಿನಗೆ ನಮಸ್ಕಾರ ಹೇಳಿದ್ದಾಳೆ. ಆಶೀರ್ವಾದ ಕೆಳಗಿನಿಂದ ಮೇಲಕ್ಕೆ ಹೋಗುವುದಿಲ್ಲ ಎಂದು ಗೊತ್ತು. ಆದರೂ ಚೆನ್ನಾಗಿರು.

ನಿನ್ನ
ಟಿಪ್ಪಣಿ


ಮಾರ್ಚ್ ೨೯

ಪ್ರೀತಿಯ ಅಕ್ಕ,

ಈ ಸಲದ ತಡಕ್ಕೆ ಕಾರಣ ಸಂತೋಷ. ಸಂತೋಷವಾದಾಗ ಕೂತು ಬರೆಯಲಾಗುವುದಿಲ್ಲ, ಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿರುತ್ತೇನೆ. ಇವಳು ನಿನ್ನೆ ನನ್ನನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿ, ಪೆನ್ನು ಕೈಗೆ ಕೊಟ್ಟು, ಅಕ್ಕನಿಗೆ ಬರೆದ ಮೇಲೆಯೇ ಊಟ ಎಂದಳು. ಊಟ ಮಾಡಿದೆ, ಬರೆದಿರಲಿಲ್ಲ. ಈವತ್ತು ಬರೆಯುತ್ತಿದ್ದೇನೆ.

ನಿನ್ನ ಎರಡನೆಯ ಕಾರ್ಡಿನ ಅಕ್ಷರಗಳು ಸ್ವಲ್ಪ ನೆಟ್ಟಗಾಗಿವೆ. ಬಸ್ಸು ತಿರುವು ದಾಟಿದೆ. ವ್ಯಾಯಾಮ ಮಾಡಿಸುವ ಹುಡುಗಿಯನ್ನು ನೀನು ಬೈದು ಕಳಿಸಿದ್ದು, ಅವಳು ಮರುದಿನ ಮತ್ತೆ ಬಂದದ್ದು, ಚಿಕ್ಕಮ್ಮ ನಿಮ್ಮಿಬ್ಬರಿಗೂ ಕಾಫಿ ಕೊಟ್ಟು ರಾಜಿ ಮಾಡಿಸಿದ್ದು ಎಲ್ಲ ಅಮ್ಮ ಫೋನಿನಲ್ಲಿ ಹೇಳಿದಳು. ಅವಳ ಧ್ವನಿಯಲ್ಲಿ ಹಿಗ್ಗು ಇತ್ತು. ನೀನು ಜಗಳ ಆಡುವಷ್ಟಾಗಿದ್ದೀಯ ಎಂಬುದು ಅವಳ ಲೆಕ್ಕದಲ್ಲಿ ಯಾವ ಡಾಕ್ಟರ ವರದಿಗಿಂತಲೂ ದೊಡ್ಡದು.

ಈ ಕಾರ್ಡೂ ಕಿಟಕಿಯಲ್ಲಿದೆ. ‘ಗೊತ್ತಿರೋದನ್ನ ಹೇಳಬೇಡ. ಗೊತ್ತಿಲ್ಲದ್ದನ್ನ ಮೊದಲು ಹೇಳು. ವಾಕ್ಯ ಚಿಕ್ಕದಿರಲಿ, ವಿಷಯ ಇಡಿಯಾಗಿರಲಿ. ಕೈ ಯಾವ ಕ್ರಮದಲ್ಲಿ ಕೆಲಸ ಮಾಡುತ್ತೋ ಅದೇ ಕ್ರಮದಲ್ಲಿ ಬರಿ. ಇಷ್ಟೇ. ಕೋಣೆ ವಿಷಯ ಮತ್ತೆ ನುಂಗಿದ್ದೀಯ.’

ಇದನ್ನು ಓದಿ ನಾನು ಮಾಡಿದ ಮೊದಲ ಕೆಲಸ, ಎರಡೂ ಕರಡುಗಳನ್ನು ಪಕ್ಕಪಕ್ಕದಲ್ಲಿಟ್ಟು, ಹೊಸ ಯಂತ್ರದಲ್ಲಿ ನಿನಗೆ ಗೊತ್ತಿಲ್ಲದ್ದು ಏನಿದೆ ಎಂದು ಹುಡುಕಿದ್ದು. ಒಂದೇ ಒಂದಿತ್ತು. ಯಂತ್ರವೇ ಉಸಿರು ಕೊಡುವುದನ್ನು ನಿಲ್ಲಿಸಿ, ಕೈಯಿಂದ ಹಿಂಡುವ ಉಸಿರಿನ ಚೀಲಕ್ಕೆ ಬದಲಾಯಿಸುವ ಹಿಡಿ ಇದೆಯಲ್ಲ, ಹಳೆಯ ಯಂತ್ರದಲ್ಲಿ ಅದನ್ನು ತಿರುಗಿಸಿದರೆ ಸಾಕಿತ್ತು. ಹೊಸದರಲ್ಲಿ ಒತ್ತಿ ಹಿಡಿದು ತಿರುಗಿಸಬೇಕು, ಇಲ್ಲವಾದರೆ ಅಲ್ಲಾಡುವುದಿಲ್ಲ. ಹತ್ತಾರು ವರ್ಷ ಹಳೆಯ ಹಿಡಿ ತಿರುಗಿಸಿದ ಕೈ ಇದನ್ನೂ ಹಾಗೆಯೇ ತಿರುಗಿಸಲು ಹೋಗುತ್ತದೆ, ಕೆಟ್ಟಿದೆ ಎಂದುಕೊಳ್ಳುತ್ತದೆ. ಹೊಸಬರಿಗೆ ಈ ತೊಂದರೆ ಇಲ್ಲ. ಅನುಭವಸ್ಥರಿಗೆ ಮಾತ್ರ.

ಮೊದಲ ಕರಡಿನಲ್ಲಿ ಅದು ಮೂರನೆಯ ಸಾಲಿನ ಹೊಟ್ಟೆಯೊಳಗೆ, ‘ಸಂಪೀಡನಪೂರ್ವಕವಾಗಿ’ ಎಂಬ ಒಂದು ಪದವಾಗಿ ಹೂತುಹೋಗಿತ್ತು. ಎರಡನೆಯದರಲ್ಲಿ ಅದು ಇರಲೇ ಇಲ್ಲ. ಇದು ಸ್ವಲ್ಪ ಕಷ್ಟದ ವಿವರ, ಸುಲಭದ ಪುಟದಲ್ಲಿ ಯಾಕೆ ಎಂದು ನಾನೇ ತೆಗೆದಿದ್ದೆ. ಆಮ್ಲಜನಕ ಬೇಕು ಎಂದು ಹೇಳಲು ಜಾಗವಿತ್ತು, ಇದಕ್ಕೆ ಇರಲಿಲ್ಲ.

ತುಂಬ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದೆ. ಎದುರಿಗೆ ಹಸಿರು ಬಣ್ಣದ ಬೇಕರಿ.

ಮೂರನೆಯ ಕರಡು ಅರ್ಧ ಪುಟವೂ ಆಗಲಿಲ್ಲ. ಮೇಲೆ ದಪ್ಪಕ್ಷರದಲ್ಲಿ: ‘ಈ ಯಂತ್ರದಲ್ಲಿ ಚೀಲದ ಹಿಡಿಯನ್ನು ಒತ್ತಿ ಹಿಡಿದು ತಿರುಗಿಸಿ. ಒತ್ತದಿದ್ದರೆ ತಿರುಗುವುದಿಲ್ಲ.’ ಅದರ ಕೆಳಗೆ: ‘ಗೋಡೆಯ ಆಮ್ಲಜನಕ ನಿಂತರೆ: ಮೀಸಲು ಸಿಲಿಂಡರ್ ತೆರೆಯಿರಿ. ಗೋಡೆಯ ಕೊಳವೆ ಕಳಚಿ. ಹಿಡಿ ಒತ್ತಿ ತಿರುಗಿಸಿ. ಚೀಲದಿಂದ ಉಸಿರು ಕೊಡಿ.’ ಕೊಳವೆ ಏಕೆ ಕಳಚಬೇಕು, ಯಾವ ಒತ್ತಡ ಯಾವುದಕ್ಕಿಂತ ಹೆಚ್ಚು, ಒಂದನ್ನೂ ಹೇಳಲಿಲ್ಲ. ಓದುವವರು ಅದನ್ನು ನನಗೆ ಹೇಳಿಕೊಡಬಲ್ಲವರು.

ನಿಘಂಟು ಕರಡು ಓದಿ, ಹಿಂಬದಿಯಲ್ಲಿ ಇನ್ನೇನಾದರೂ ಇದೆಯೇ ಎಂದು ಹಾಳೆ ಮಗುಚಿ ನೋಡಿದ. ಆಮೇಲೆ, ಇಷ್ಟಕ್ಕೆ ನಮ್ಮಿಬ್ಬರಿಗೂ ಸಂಬಳ ಕೊಡುತ್ತಾರೆ ಎಂದು ಸಾಹೇಬರಿಗೆ ಗೊತ್ತಾಗಬಾರದು ಎಂದ. ವಿಯೋಜನೆ ಎಂಬ ಪದವನ್ನಾದರೂ ಕೈಪಿಡಿಯ ಕೊನೆಯ ಪದಪಟ್ಟಿಯಲ್ಲಿ ಇರಿಸಿಕೊಳ್ಳೋಣ, ಪಾಪ, ಒಳ್ಳೆಯ ಪದ ಎಂದು ಕೇಳಿಕೊಂಡ. ಇರಿಸಿದ್ದೇವೆ. ಯಾರೂ ಅಲ್ಲಿಗೆ ಹೋಗುವುದಿಲ್ಲ, ನೆಮ್ಮದಿಯಾಗಿ ಇರುತ್ತದೆ.

ಪರೀಕ್ಷೆ ಹೋದ ಬುಧವಾರ ಆಯಿತು. ಗುಡುಗು ನೋಡುವವರಾಗಿ ಬಂದರು, ನನ್ನಿಂದ ಬಹಳ ದೂರದಲ್ಲಿ ಕುರ್ಚಿ ಹಾಕಿಸಿಕೊಂಡರು, ಕೋಟಿನ ಮೇಲೆ ಒಂದು ಪ್ಲಾಸ್ಟಿಕ್ ಏಪ್ರನ್ ತೊಟ್ಟುಕೊಂಡಿದ್ದರು. ಓದಲು ಬಂದವಳು ನಿನ್ನ ಗುಬ್ಬಿ.

ನಿನ್ನ ಹತ್ತಿರ ಕಲಿಯಲು ಬಂದಾಗ ಅವಳು ಹೇಗಿದ್ದಳೋ ಈಗಲೂ ಹಾಗೇ ಇದ್ದಾಳೆ. ತುದಿಗಾಲಲ್ಲಿ ನಡೆಯುತ್ತಾಳೆ, ಜೇಬಿನಲ್ಲಿ ಬಿಸ್ಕತ್ತು, ಯಾರನ್ನಾದರೂ ಮಾತಾಡಿಸುವಾಗ ತಲೆ ಒಂದು ಕಡೆಗೆ ವಾಲಿಸಿ ನೋಡುತ್ತಾಳೆ. ನನ್ನ ಉಬ್ಬಿದ ಕೆನ್ನೆ ನೋಡಿ, ಹಲ್ಲುನೋವಾ ಅಣ್ಣಾ ಎಂದು ಕೇಳಿದಳು. ಅವಳಿಗೆ ಪದ್ಧತಿ ಚೆನ್ನಾಗಿ ಗೊತ್ತು. ನನ್ನನ್ನು ನಗಿಸಿ ಪುಟ ಬೀಳಿಸುವ ಆಟ ಅದು, ನಿನ್ನಿಂದಲೇ ಕಲಿತದ್ದು. ನಾನು ಗೋಡೆ ನೋಡುತ್ತಾ ನಿಂತೆ.

ಯಂತ್ರ ಕಿರುಚಿತು. ಗುಬ್ಬಿ ಪುಟ ಓದಲಿಲ್ಲ, ಅಕ್ಕ. ನಾನು ಕಣ್ಣಾರೆ ನೋಡಿದೆ. ಅವಳ ಕಣ್ಣು ಪುಟದ ಮೇಲೆ ಒಂದು ಸಲ ಇಳಿದು, ದಪ್ಪಕ್ಷರದ ಸಾಲಿನಲ್ಲಿ ಕಾಳು ಹೆಕ್ಕಿದಂತೆ ಹೆಕ್ಕಿ, ಮೇಲೆದ್ದಿತು. ತಿಳಿದವರು ಓದುವುದಿಲ್ಲ, ತಮಗೆ ತಿಳಿಯದಿರುವುದನ್ನು ಹುಡುಕುತ್ತಾರೆ. ಇಷ್ಟು ವರ್ಷ ಈ ಕೆಲಸ ಮಾಡಿಯೂ ಇದನ್ನು ನಾನು ಕಂಡದ್ದು ಆವತ್ತು, ಬಾಯಿ ಕಟ್ಟಿಕೊಂಡು ನಿಂತಾಗ.

ಸಿಲಿಂಡರ್ ತೆರೆದಳು. ಕೊಳವೆ ಕಳಚಿದಳು. ಆಮೇಲೆ ನಿಂತುಬಿಟ್ಟಳು.

ಯಂತ್ರ ಕಿರುಚುತ್ತಲೇ ಇದೆ, ಅವಳು ಅಲುಗಾಡುತ್ತಿಲ್ಲ. ಮೂರನೆಯ ಕರಡೂ ಹೋಯಿತು ಎಂದುಕೊಂಡೆ. ಯಾವ ಪದ ಕೈಕೊಟ್ಟಿತು ಎಂದು ಮನಸ್ಸಿನಲ್ಲೇ ಸಾಲು ಸಾಲು ತಡಕಿದೆ. ಗಂಟಲಲ್ಲಿ ‘ಅಂದರೆ ಏನಪ್ಪಾ’ ಬಂದು ನೀರಿನ ಕೆಳಗೆ ಕೂತಿತ್ತು. ನುಂಗಿಯೇಬಿಡುತ್ತಿದ್ದೆ. ಅಷ್ಟರಲ್ಲಿ ಅವಳು ಕಾಲು ಚಾಚಿ, ಮೇಜಿನ ಅಡಿಯಿಂದ ಒಂದು ಗಿಡ್ಡ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಹತ್ತಿದಳು. ಹೊಸ ಹಿಡಿ ಸ್ವಲ್ಪ ಎತ್ತರದಲ್ಲಿದೆ, ಅವಳಿಗೆ ಎಟುಕುತ್ತಿರಲಿಲ್ಲ. ಅಷ್ಟೇ. ಒತ್ತಿ ಹಿಡಿದು ತಿರುಗಿಸಿದಳು. ಚೀಲ ಹಿಂಡಿದಳು. ಬೊಂಬೆಯ ಎದೆ ಮೇಲೆದ್ದಿತು.

ಆ ಸ್ಟೂಲು ನಿನ್ನದು. ಬಡಗಿಯ ಕೈಯಲ್ಲಿ ನೀನು ಮಾಡಿಸಿದ್ದು, ಒಂದು ಕಾಲಿಗೆ ರಬ್ಬರು ಕಟ್ಟಿದ್ದು.

ಗುಡುಗು ಎದ್ದು ಬಂದು ಪುಟವನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು. ನಾನು ಇನ್ನೂ ನೀರು ಬಿಟ್ಟಿರಲಿಲ್ಲ. ಅವರು ತಾವೇ ಹಿಡಿಯ ಹತ್ತಿರ ಹೋಗಿ ಹಳೆಯ ಅಭ್ಯಾಸದಂತೆ ತಿರುಗಿಸಲು ನೋಡಿದರು, ಅದು ಕದಲಲಿಲ್ಲ. ಒತ್ತಿ ತಿರುಗಿಸಿದರು, ತಿರುಗಿತು. ಎರಡು ಮೂರು ಸಲ ಹೀಗೇ ಮಾಡಿದರು, ಆಟದ ಸಾಮಾನು ಸಿಕ್ಕಿದವರ ಹಾಗೆ. ಇದನ್ನ ಮೊದಲೇ ಹೇಳಬಾರದಿತ್ತಾ, ನಮಗೆ ಉಸಿರಾಟದ ಪಾಠ ಮಾಡೋ ಬದಲು ಎಂದು ಗೊಣಗಿ, ಸಹಿ ಹಾಕಿದರು. ಪುಟ ಗೆದ್ದಿತು.

ಗುಬ್ಬಿ ಸ್ಟೂಲಿನ ಮೇಲಿಂದ ಇಳಿಯದೆ ನನ್ನ ಕಡೆ ತಿರುಗಿದಳು.

‘ಅಣ್ಣಾ, ಇದು ಮೇಡಂ ಮಾತಾಡೋ ಹಾಗೇ ಇದೆ. ಅವರೇ ಹೇಳಿದ್ದಾ?’

ಬಾಯಲ್ಲಿ ನೀರು. ತಲೆ ಆಡಿಸಿದೆ. ಹೌದು ಎಂದೋ ಅಲ್ಲ ಎಂದೋ ಅವಳಿಗೆ ತಿಳಿಯಲಿಲ್ಲ, ಯಾಕೆಂದರೆ ನನಗೆ ನಗುವೂ ಬಂದಿತ್ತು, ಬೇರೆ ಏನೋ ಕೂಡ. ಓಡಿಹೋಗಿ ಬೇಸಿನ್ನಿನಲ್ಲಿ ಉಗುಳಿ ಬಂದು, ಹೌದು, ಎಡಗೈಯಲ್ಲಿ ಬರೆದು ಕಳಿಸಿದಳು ಎಂದೆ. ಗುಬ್ಬಿ ಜೇಬಿನಿಂದ ಬಿಸ್ಕತ್ತು ತೆಗೆದು ಎಲ್ಲರಿಗೂ ಹಂಚಿದಳು, ಗುಡುಗಿಗೂ ಒಂದು. ಅವರು ಏಪ್ರನ್ನಿನಲ್ಲೇ ನಿಂತು ತಿಂದರು. ನಿಘಂಟು, ಅಲ್ಪೋಪಹಾರ ಸೊಗಸಾಗಿದೆ ಎಂದ.

ಯಂತ್ರ ಮುಂದಿನ ವಾರ ಹೊರಡುತ್ತದೆ. ಎಲ್ಲೆಲ್ಲಿಗೋ ಹೋಗುತ್ತದೆ, ನಾನು ನೋಡದ ಕೋಣೆಗಳಿಗೆ, ನಾನು ನೋಡದ ಕೈಗಳ ಹತ್ತಿರ. ಆ ಪುಟದಲ್ಲಿ ನಿನ್ನ ಹೆಸರಿರುವುದಿಲ್ಲ, ನನ್ನದೂ ಇರುವುದಿಲ್ಲ. ಆದರೆ ಅದನ್ನು ಓದಿದವರು ಯಾರೂ ತಮ್ಮನ್ನು ಚಿಕ್ಕ ಮಕ್ಕಳ ಹಾಗೆ ಕಂಡರು ಎಂದುಕೊಳ್ಳುವುದಿಲ್ಲ.

ಇವಳು ನಿನಗೆ ನಮಸ್ಕಾರ ಹೇಳಿದ್ದಾಳೆ. ಅವಳ ಶಾಲೆಯ ಗಿಡದಲ್ಲಿ ಹೊಸ ಎಲೆ ಬಂದಿದೆಯಂತೆ. ಇದನ್ನು ಬರೆಯಬೇಡಿ, ಅಕ್ಕ ನಗುತ್ತಾರೆ ಎಂದಳು, ಅದಕ್ಕೇ ಬರೆದೆ. ಅಮ್ಮನಿಗೂ ಚಿಕ್ಕಮ್ಮನಿಗೂ ನಮಸ್ಕಾರ. ವ್ಯಾಯಾಮದ ಹುಡುಗಿಗೆ ನನ್ನ ಸಹಾನುಭೂತಿ. ನೀನು ನೂರು ಕಾಲ ಜಗಳ ಆಡುತ್ತಾ ಇರು ಎಂದು ಕೆಳಗಿನಿಂದಲೇ ಹರಸುತ್ತೇನೆ.

ನಿನ್ನ
ಟಿಪ್ಪಣಿ

ಮರೆತ ಮಾತು: ಮರೆತದ್ದಲ್ಲ.

ನಿನ್ನ ಕೋಣೆ ಹಾಗೇ ಇಲ್ಲ. ಬಾಗಿಲ ಮೇಲಿನ ಹೆಸರಿನ ಹಲಗೆ ಬದಲಾಗಿದೆ. ನಿನ್ನ ಜಾಗದಲ್ಲಿ ಗುಬ್ಬಿಯನ್ನು ವಿಭಾಗದ ಮುಖ್ಯಸ್ಥೆ ಮಾಡಿದ್ದಾರೆ. ತಾತ್ಕಾಲಿಕವಾಗಿ ಅಲ್ಲ, ಕಾಯಂ. ಇದು ಜನವರಿಯಲ್ಲೇ ಆಯಿತು. ಅಮ್ಮನಿಗೆ ಗೊತ್ತು, ಭಾವನಿಗೆ ಗೊತ್ತು. ಬೇಕರಿಯ ಬಣ್ಣದ ಬಗ್ಗೆ ಬರೆದ ದಿನ ನನಗೂ ಗೊತ್ತಿತ್ತು. ನಿನ್ನನ್ನು ಪಾಠ ಮಾಡಲು ಕರೆಯುತ್ತಾರಂತೆ. ಆಪರೇಷನ್ ಥಿಯೇಟರಿಗೆ ಅಲ್ಲ.

ಇದರ ಅರ್ಥ ನಿನಗೆ ವಿವರಿಸುವುದಿಲ್ಲ. ನಿನಗೆ ಗೊತ್ತಿದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಲಗೆ ಬದಲಾಯಿಸಿದ ದಿನ ಗುಬ್ಬಿ ರಜೆ ಹಾಕಿ ಮನೆಗೆ ಹೋಗಿದ್ದಳು. ನಿನ್ನ ಕೋಣೆಯಿಂದ ಅವಳು ಹೊರಗೆ ತಂದದ್ದು ಆ ಸ್ಟೂಲು ಮಾತ್ರ, ಅದೂ ಅದರ ಮೇಲೆ ನಿಲ್ಲಲು. ಮೂರು ತಿಂಗಳಿಂದ ನಿನಗೆ ಕಾಗದ ಬರೆಯಲು ಕೂರುತ್ತಾಳಂತೆ, ಏಳುತ್ತಾಳಂತೆ. ಮೇಡಂಗೆ ಈಗ ಹೇಗೆ ಬರೀಬೇಕು ಅಣ್ಣಾ ಎಂದು ಬುಧವಾರ ನನ್ನನ್ನು ಕೇಳಿದಳು. ನೀನು ನನಗೆ ಬರೆದದ್ದನ್ನೇ ಅವಳಿಗೆ ಹೇಳಿದೆ. ಅವಳ ಕಾಗದ ಬಂದರೆ ತೆರೆದು ಓದು.

ಇನ್ನು ನಾನು ಏನೂ ಸೇರಿಸುವುದಿಲ್ಲ. ಬಾಯಿ ತುಂಬ ನೀರು ತುಂಬಿಕೊಂಡು ನಿನ್ನ ಹಿಂದೆ ನಿಂತಿದ್ದೇನೆ. ನಿಧಾನವಾಗಿ ಓದು.